ಬೇರಿಂಗ್ ಹೋಗಲಿ, ಶಾಫ್ಟ್ ಉಳೀಲಿ

ಅಪ್ಪನ ಹಳೇ ಬೈಕಿನ ಗೇರ್ ಬಾಕ್ಸಿನಿಂದ ಎಣ್ಣೆ ಇಳಿಸುವ ಡ್ರೈನ್ ಬೋಲ್ಟ್ ಬಿಚ್ಚಿದೆ. ಮೊದಲು ಅರ್ಧ ಲೋಟದಷ್ಟು ಬರೀ ನೀರು ಬಂತು. ಆಮೇಲೆ ಹಾಲು ಜಾಸ್ತಿ ಹಾಕಿದ ಕಾಫಿಯಂಥ ಎಣ್ಣೆ ನೊರೆ ನೊರೆಯಾಗಿ ಬೇಸಿನ್ನಿಗೆ ಇಳಿಯಿತು. ಅಪ್ಪ ಜಗಲಿಯ ಕುರ್ಚಿಯಿಂದಲೇ ಬಗ್ಗಿ ನೋಡಿದರು.

"ನೀರು ಹೋಗಿದೆ ಮಗ. ಒಳಗೆ ಬೇರಿಂಗ್ ಎಲ್ಲ ಹಿಡಿದಿರ್ತದೆ" ಅಂದರು.

ಎಲ್ಲವೂ ಹಿಡಿದಿರಲಿಲ್ಲ. ಒಂದು ಹಿಡಿದಿತ್ತು. ಆ ಒಂದನ್ನು ಶಾಫ್ಟಿನಿಂದ, ಅಂದರೆ ಗೇರುಗಳು ಕೂರುವ ಉಕ್ಕಿನ ಸರಳಿನಿಂದ, ಬಿಡಿಸಲು ಮಳೆಗಾಲದ ಮೂರು ವಾರ ಬೇಕಾಯಿತು. ಎಲ್ಲಿ ತಪ್ಪಿದೆ, ಕೊನೆಗೆ ಯಾವುದು ಕೆಲಸ ಮಾಡಿತು, ಎರಡನ್ನೂ ಬರೆಯುತ್ತೇನೆ. ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ, ಅಲ್ವಾ?

ಗಾಡಿ ಅಪ್ಪನ ಯೆಜ್ಡಿ. 1983ರಲ್ಲಿ ಅಪ್ಪ ಮೈಸೂರಿಗೆ ಬಸ್ಸಿನಲ್ಲಿ ಹೋಗಿ, ಬರುವಾಗ ಇದರ ಮೇಲೆ ಬಂದವರು. ಆಗ ಅಲ್ಲಿನ ಯಾದವಗಿರಿಯಲ್ಲಿ ಯೆಜ್ಡಿ ತಯಾರಿಸುವ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1996ರಲ್ಲಿ ಅದು ಮುಚ್ಚಿತು. ಗಾಡಿಗಳು ನಮ್ಮ ಬೆಟ್ಟದ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಒಂದೇ ಲಿವರಿನಲ್ಲಿ ಕಿಕ್ಕೂ ಹೊಡೆದು ಗೇರೂ ಬದಲಿಸುವ ಆ ಗಾಡಿಯಲ್ಲೇ ಅಪ್ಪ ನನ್ನನ್ನು ಸ್ಕೂಲಿಗೆ ಬಿಡುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಅದು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಇರುವ ಶೆಡ್ಡಿನ ಮೂಲೆ ಸೇರಿತು.

ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ. 2018ರ ಆಗಸ್ಟಿನಲ್ಲಿ ಈ ಕಡೆ ಬೆಟ್ಟಗಳು ಜಾರಿದ್ದು ನಿಮಗೂ ನೆನಪಿರಬಹುದು. ಆ ಮಳೆಯಲ್ಲಿ ಶೆಡ್ಡಿಗೆ ಕೆಸರು ನೀರು ನುಗ್ಗಿ, ಗಾಡಿಯ ಎಂಜಿನ್ ಮುಳುಗುವಷ್ಟು ನಿಂತಿತ್ತು. ಮನೆ ಉಳಿಯಿತು. ನಮ್ಮವರೆಲ್ಲ ಉಳಿದರು. ಬೈಕ್ ಕಡೆ ನೋಡುವ ಮನಸ್ಸು ಯಾರಿಗಿತ್ತು? ನೀರು ಇಳಿಯಿತು, ಕೆಸರು ಒಣಗಿತು, ಗಾಡಿ ಹಾಗೇ ನಿಂತಿತು. ಈ ಸಲ ಜುಲೈಯಲ್ಲಿ, ಮಳೆ ಹಿಡಿದು ತೋಟದ ಕೆಲಸ ನಿಂತಾಗ, ಬಿಚ್ಚೋಣ ಅಂತ ಕೂತೆ. ಕೈಲ್ ಮುಹೂರ್ತದ ದಿನ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬದಂದು, ಕೋವಿ, ಕತ್ತಿ, ನೇಗಿಲಿನ ಜೊತೆ ಇದೂ ಪೂಜೆಗೆ ನಿಲ್ಲಬೇಕು ಅನ್ನುವುದು ನನ್ನ ಆಸೆ.

ಎಂಜಿನ್ ಇಳಿಸಿದ್ದು, ಅದರ ಹೊರ ಕವಚವಾದ ಕೇಸಿಂಗ್ ಎರಡು ಹೋಳು ಮಾಡಿದ್ದು, ಅದರ ಕಥೆ ಬೇಡ. ಅದಕ್ಕೆ ತಾಳ್ಮೆ ಮತ್ತು ಸರಿಯಾದ ಪಾನಾ ಸಾಕು. ಬಿಚ್ಚಿದ ಒಂದೊಂದು ವಾಷರನ್ನೂ ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿ ಇಟ್ಟೆ. ಇದೊಂದನ್ನು ಎಲ್ಲರೂ ಮಾಡಿ.

ಗೇರ್ ಶಾಫ್ಟ್ ಕೈಗೆ ಬಂತು. ಒಂದು ತುದಿಯಲ್ಲಿ ಬೇರಿಂಗ್ ಶಾಫ್ಟಿನ ಜೊತೆಗೇ ಬಂದಿತ್ತು. ತಿರುಗಿಸಿ ನೋಡಿದೆ. ಒಳ್ಳೇ ಬೇರಿಂಗ್ ಬೆರಳಿನಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಬೇಕು. ಇದು ಗರ ಗರ ಅಂದು ಕಾಲು ಸುತ್ತಿಗೆ ನಿಂತಿತು. ಗುಂಡುಗಳ ಮೇಲೆ ಕಂದು ಚುಕ್ಕೆ ಬಿದ್ದಿತ್ತು. ಬದಲಿಸದೆ ಬೇರೆ ದಾರಿಯೇ ಇರಲಿಲ್ಲ.

ಬೇರಿಂಗ್ ಅಂದರೆ ಎರಡು ಬಳೆ, ನಡುವೆ ಗುಂಡುಗಳು, ಗುಂಡುಗಳನ್ನು ದೂರ ದೂರ ಹಿಡಿಯುವ ಒಂದು ಕೇಜ್. ಹೊರಗಿನ ಬಳೆಗೆ ಔಟರ್ ರೇಸ್, ಒಳಗಿನದಕ್ಕೆ ಇನ್ನರ್ ರೇಸ್ ಅನ್ನುತ್ತೇವೆ. ಇನ್ನರ್ ರೇಸ್ ಶಾಫ್ಟಿನ ಮೇಲೆ ಬಿಗಿಯಾಗಿ ಕೂರಲೇಬೇಕು. ರೇಸಿನ ತೂತು ಶಾಫ್ಟಿಗಿಂತ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಚಿಕ್ಕದಿದ್ದರೂ ಸಾಕು, ಕೈಯಲ್ಲಿ ಎಳೆದರೆ ಬರುವುದಿಲ್ಲ. ಅದರ ಮೇಲೆ ತುಕ್ಕು ಸೇರಿದರೆ? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ. ಸಂದಿಯೇ ಇಲ್ಲದ ಕಡೆ ಊದಿಕೊಂಡು, ಎರಡು ಲೋಹವನ್ನೂ ಒಂದೇ ತುಂಡಿನ ಹಾಗೆ ಹಿಡಿದುಬಿಡುತ್ತದೆ.

ಮೊದಲ ದಿನ ಡೀಸೆಲ್ಲಿನಲ್ಲಿ ಮುಳುಗಿಸಿಟ್ಟೆ. ಎರಡನೇ ದಿನ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಮೂರು ದಿನ ಬೆಳಿಗ್ಗೆ ಸಂಜೆ ಹೊಡೆಯುತ್ತಲೇ ಇದ್ದೆ. ಇದರಿಂದ ನಷ್ಟವಿಲ್ಲ, ಆದರೆ ಜಾಸ್ತಿ ನಂಬಬೇಡಿ. ಬೋಲ್ಟಿನ ಥ್ರೆಡ್ಡಿನಲ್ಲಿ ಎಣ್ಣೆ ಸುತ್ತಿಕೊಂಡು ಒಳಗೆ ಹೋಗಲು ದಾರಿ ಇರುತ್ತದೆ. ಬಿಗಿಯಾಗಿ ಕೂತ ರೇಸಿನ ಅಡಿಗೆ ಎಣ್ಣೆ ಹೋಗುವುದೇ ಇಲ್ಲ ಅನ್ನಬಹುದು.

ಆಮೇಲೆ ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ತಂದೆ. ಎರಡು ಕಾಲಿನದು, ಪಕ್ಕದ ತೋಟದವರದ್ದು. ಬೇರಿಂಗ್ ಮತ್ತು ಗೇರಿನ ನಡುವೆ ಒಂದು ತೆಳು ವಾಷರ್, ಅಷ್ಟೇ ಜಾಗ. ಪುಲ್ಲರಿನ ಕಾಲಿನ ಉಗುರು ಅಲ್ಲಿ ಇಳಿಯಲಿಲ್ಲ. ಇನ್ನರ್ ರೇಸಿಗೆ ಸಿಗದಿದ್ದರೆ ಏನಂತೆ, ಔಟರ್ ರೇಸಿಗೆ ಸಿಕ್ಕಿತಲ್ಲ ಅಂದುಕೊಂಡು ಅಲ್ಲಿಗೇ ಹಾಕಿ ತಿರುಗಿಸಿದೆ. ಇದು ನನ್ನ ಮೊದಲ ತಪ್ಪು. ಔಟರ್ ರೇಸ್ ಎಳೆದರೆ ಆ ಬಲವೆಲ್ಲ ಸಣ್ಣ ಸಣ್ಣ ಗುಂಡುಗಳ ಮೇಲೆ ಬಿದ್ದು, ಅವುಗಳ ಮೂಲಕ ಇನ್ನರ್ ರೇಸಿಗೆ ಹೋಗಬೇಕು. ಹಿಡಿದು ಕೂತಿರುವುದು ಇನ್ನರ್ ರೇಸ್. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಹೋದೆ. ಫಟ್ ಅಂತು. ಕೇಜ್ ಒಡೆದು ಔಟರ್ ರೇಸ್ ಪುಲ್ಲರಿನ ಜೊತೆ ಬಂತು. ಗುಂಡುಗಳು ಸಿಮೆಂಟ್ ನೆಲದ ಮೇಲೆ ಉರುಳಿ ಒಂದೊಂದು ಒಂದೊಂದು ಮೂಲೆಗೆ ಹೋದವು.

ಶಾಫ್ಟಿನ ಮೇಲೆ ಇನ್ನರ್ ರೇಸ್ ಒಂದೇ ಉಳಿಯಿತು. ಹಿಡಿಯಲು ಅಂಚಿಲ್ಲದ ನುಣ್ಣನೆ ಬಳೆ.

ಅವತ್ತು ಕಕ್ಕಡ ಹದಿನೆಂಟು, ಅಂದರೆ ನಮ್ಮ ಮಳೆಗಾಲದ ಕಕ್ಕಡ ತಿಂಗಳಿನ ಹದಿನೆಂಟನೇ ದಿನ. ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿ ಕರೆಯುತ್ತಿದ್ದರು. ಆ ನೇರಳೆ ಬಣ್ಣ, ಆ ವಾಸನೆ, ವರ್ಷಕ್ಕೆ ಒಂದೇ ದಿನ ಸಿಗುವುದು. ನಾನು ಹೋಗಲಿಲ್ಲ. ಕೋಪದಲ್ಲಿ ಶಾಫ್ಟನ್ನು ಬೆಂಚಿನ ಇಕ್ಕಳವಾದ ವೈಸಿಗೆ ಕಚ್ಚಿಸಿ, ತುದಿಗೆ ಸುತ್ತಿಗೆಯಿಂದ ಹೊಡೆದೆ. ನಾಲ್ಕು ಏಟು. ರೇಸ್ ಅಲುಗಲಿಲ್ಲ. ಶಾಫ್ಟಿನ ತುದಿಯ ಥ್ರೆಡ್ ಮಾತ್ರ ಅಣಬೆಯ ತಲೆಯ ಹಾಗೆ ಅಗಲವಾಗಲು ಶುರುವಾಗಿತ್ತು. ಅಪ್ಪ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಸಾಕು. ಪಾಯಸ ತಣ್ಣಗಾಗ್ತದೆ. ಬಾ" ಅಂದರು. ಬೈಯಲಿಲ್ಲ.

ಆ ನಾಲ್ಕು ಏಟಿಗೆ ಇವತ್ತಿಗೂ ನನಗೆ ಬೇಜಾರಿದೆ. ಹೊಡೆಯಲೇಬೇಕಾದರೆ ಶಾಫ್ಟಿನ ನಟ್ಟನ್ನು ತುದಿಗೆ ಸಮವಾಗಿ ಹಾಕಿ, ಮೇಲೆ ಹಿತ್ತಾಳೆ ತುಂಡೋ ಮರದ ತುಂಡೋ ಇಟ್ಟು ಹೊಡೆಯಬೇಕು. ಗೊತ್ತಿದ್ದೂ ಮಾಡಲಿಲ್ಲ.

ಮರುದಿನ ಪೇಟೆಯ ಒಂದು ಅಂಗಡಿಗೆ ಹೋದೆ. ಅಲ್ಲಿಯವರು ನೋಡಿದ ಕೂಡಲೇ ಗ್ಯಾಸ್ ಕಟ್ಟರ್ ಕೈಗೆ ತೆಗೆದುಕೊಂಡರು. "ಎರಡು ನಿಮಿಷ ಸಾರ್, ಕೆಂಪಗೆ ಮಾಡಿದ್ರೆ ತಾನಾಗಿ ಬೀಳ್ತದೆ" ಅಂದರು. ಯಾಕೋ ಮನಸ್ಸು ಒಪ್ಪಲಿಲ್ಲ. ಶಾಫ್ಟನ್ನು ಬಟ್ಟೆಯಲ್ಲಿ ಸುತ್ತಿ ವಾಪಸ್ ತೆಗೆದುಕೊಂಡು, ಸುಂಟಿಕೊಪ್ಪದ ಕಾಕನ ಹತ್ತಿರ ಹೋದೆ.

ಕಾಕನಿಗೆ ಅಪ್ಪನಷ್ಟೇ ವಯಸ್ಸು. ಜೀಪು, ಪಲ್ಪರ್ ಮೋಟರ್, ವೀಡ್ ಕಟ್ಟರ್, ಎಲ್ಲವೂ ಅವರ ಗ್ಯಾರೇಜಿಗೆ ಬರುತ್ತವೆ. ಹೊರಗೆ ಮಳೆ ಹೊಡೆಯುತ್ತಿತ್ತು. ಮರ ಬಿದ್ದು ಲೈನ್ ಹೋಗಿ ಬೆಳಿಗ್ಗೆಯಿಂದ ಕರೆಂಟಿಲ್ಲ. ಅವರು ಶಾಫ್ಟನ್ನು ಬಾಗಿಲ ಬೆಳಕಿಗೆ ಹಿಡಿದು, ಮೊದಲು ತುದಿಯ ಥ್ರೆಡ್ ನೋಡಿದರು.

"ಎಂತ ಮೋನೆ, ಸುತ್ತಿಗೆಯಲ್ಲಿ ಹೊಡ್ದಿದ್ಯಾ?"

"ಹೌದು ಕಾಕ."

"ಇದ್ರಲ್ಲಿ ನಿಂಗೆ ಯಾವ್ದು ಬೇಕು? ಬೇರಿಂಗ್ ಬೇಕಾ, ಶಾಫ್ಟ್ ಬೇಕಾ?"

"ಶಾಫ್ಟು."

"ಹಾಗಾದ್ರೆ ಬೇರಿಂಗನ್ನ ಹೊಡಿ, ಕೊಯ್ಯಿ, ಸೀಳು. ಶಾಫ್ಟನ್ನ ಯಾಕೆ ಹೊಡೀತಿ?"

ಅಷ್ಟು ದಿನ ನಾನು ಬೇರಿಂಗನ್ನು ಪೂರ್ತಿಯಾಗಿ ಹೊರಗೆ ತರಲು ನೋಡುತ್ತಿದ್ದೆ. ಹೇಗೂ ಎಸೆಯುವ ವಸ್ತು ಅದು. ಬೇರಿಂಗ್ ಲೋಕಕ್ಕೆಲ್ಲ ಒಂದೇ ಅಳತೆಯಲ್ಲಿ ಬರುತ್ತದೆ, ಯಾವ ಪೇಟೆಯಲ್ಲೂ ಸಿಗುತ್ತದೆ. ಮುಚ್ಚಿದ ಕಾರ್ಖಾನೆಯ ಶಾಫ್ಟ್ ಎಲ್ಲಿ ಹುಡುಕುವುದು? ಕಾಕ ಕೇಳಿದ ಮೇಲೆ ನನ್ನ ಕೈಗೆ ಒಂದು ಸಮಾಧಾನ ಬಂತು.

ಗ್ಯಾಸ್ ಕಟ್ಟರಿನ ವಿಷಯ ಹೇಳಿದೆ. ಕಾಕ ತಲೆ ಅಲ್ಲಾಡಿಸಿ, ಬೆಂಚಿನ ಅಡಿಯಿಂದ ಒಂದು ಹಳೇ ಗೇರ್ ತೆಗೆದು ತೋರಿಸಿದರು. ಅದರ ಒಂದು ಬದಿ ನವಿಲಿನ ಕತ್ತಿನ ಹಾಗೆ ನೀಲಿ. ಹದ ಹಾಕಿದ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಉಕ್ಕನ್ನು ಮತ್ತೆ ಬಿಸಿ ಮಾಡುತ್ತ ಹೋದರೆ ಸುಮಾರು 220 ಡಿಗ್ರಿಗೆ ಒಣ ಹುಲ್ಲಿನ ಬಣ್ಣ ಬರುತ್ತದೆ, 300ರ ಹತ್ತಿರ ನೀಲಿ. ನೀಲಿ ಬಂತು ಅಂದರೆ ಗಟ್ಟಿತನ ಇಳಿಯಿತು ಅಂತ ಅರ್ಥ. ಗೇರಿನ ಹಲ್ಲಿಗೆ, ಶಾಫ್ಟಿನ ಮೈಗೆ ಆ ಗಟ್ಟಿತನವೇ ಜೀವ. ಅದು ಹೋದರೆ ಗಾಡಿ ಓಡುತ್ತದೆ, ಆದರೆ ಬೇಗ ಸವೆಯುತ್ತದೆ. ಕೆಂಪಗೆ ಮಾಡುವುದು ಅದಕ್ಕಿಂತ ಎಷ್ಟೋ ಮೇಲೆ. ಆ ಅಂಗಡಿಯಿಂದ ವಾಪಸ್ ಬಂದದ್ದು ಒಳ್ಳೆಯದೇ ಆಯಿತು.

ಕಾಕ ಕೂಡಲೇ ಕೊಯ್ಯಲು ಹೋಗಲಿಲ್ಲ. ಮೊದಲು ಸಪರೇಟರ್ ಹಾಕಿ ನೋಡಿದರು. ಅದು ಎರಡು ಅರ್ಧ ಚಂದ್ರದಂಥ ತಟ್ಟೆ, ಒಳ ಅಂಚು ಕತ್ತಿಯ ಹಾಗೆ ತೆಳು. ಎರಡೂ ಕಡೆಯಿಂದ ಬೋಲ್ಟ್ ಬಿಗಿದರೆ ಆ ಅಂಚು ರೇಸ್ ಮತ್ತು ವಾಷರಿನ ನಡುವೆ ತೂರಿಕೊಳ್ಳುತ್ತದೆ. ತಟ್ಟೆಯನ್ನು ಪುಲ್ಲರಿಗೆ ಸಿಕ್ಕಿಸಿ ಎಳೆಯುವುದು. ಪುಲ್ಲರ್ ಬಿಗಿದು, ಅದರ ಸ್ಕ್ರೂ ತಲೆಗೆ ಸಣ್ಣ ಸುತ್ತಿಗೆಯಿಂದ ಒಂದು ಏಟು. ಮತ್ತೆ ಕಾಲು ಸುತ್ತು, ಮತ್ತೆ ಒಂದು ಏಟು. ರೇಸಿನ ಮೇಲೆ ಬರೀ ಕುದಿಯುವ ನೀರು ಹೊಯ್ದರು. ರೇಸ್ ಬೇಗ ಬಿಸಿಯಾಗಿ ಹಿಗ್ಗಬೇಕು, ಒಳಗಿನ ಶಾಫ್ಟ್ ಬಿಸಿಯಾಗುವುದರೊಳಗೆ ಅದು ಅಲುಗಬೇಕು. ಅದೇ ಲೆಕ್ಕ.

ಅಲುಗಲಿಲ್ಲ. "ಇವತ್ತು ಹೀಗೇ ಬಿಗಿದು ಬಿಡುವ. ರಾತ್ರಿಯೆಲ್ಲ ಎಳೀತಾ ಇರ್ಲಿ" ಅಂದರು. ಹೀಗೆ ಬಿಗಿದು ಬಿಟ್ಟ ಎಷ್ಟೋ ಬೇರಿಂಗುಗಳು ಬೆಳಗಾಗುವಾಗ ತಾನಾಗಿ ಬಿಟ್ಟಿರುತ್ತವಂತೆ. ನಮ್ಮದು ಬಿಡಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ತಟ್ಟೆಯ ಅಂಚು ಜಾರಿ, ರೇಸಿನ ಮೂಲೆಯಿಂದ ಒಂದು ಚಕ್ಕೆ ಎದ್ದಿತ್ತು. ಇನ್ನು ಕೊಯ್ಯುವುದೊಂದೇ ದಾರಿ.

ಈ ಕೆಲಸವನ್ನು ಕಾಕ ನನ್ನಿಂದಲೇ ಮಾಡಿಸಿದರು. ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಕನ್ನಡಕ. ಕಣ್ಣಿನ ಬದಿಯನ್ನೂ ಮುಚ್ಚುವಂಥದ್ದು. ಬೇರಿಂಗಿನ ಉಕ್ಕಿನಲ್ಲಿ ಸುಮಾರು 1 ಶೇಕಡಾ ಇಂಗಾಲ, 1.5 ಶೇಕಡಾ ಕ್ರೋಮಿಯಂ ಇರುತ್ತದೆ. ಹದ ಹಾಕಿದ ಮೇಲೆ ಅದು ಅರಕ್ಕೂ ಬಗ್ಗದಷ್ಟು ಗಟ್ಟಿ. ಅಷ್ಟು ಗಟ್ಟಿ ಇರುವುದಕ್ಕೇ ಅದು ಮಣಿಯುವುದಿಲ್ಲ, ಸಿಡಿಯುತ್ತದೆ. ಒಂದು ಚೂರು ಕಣ್ಣಿಗೆ ಬಿದ್ದರೆ ಗತಿ ಏನು?

ಗೇರಿನ ಹಲ್ಲುಗಳಿಗೆಲ್ಲ ಗ್ರೀಸ್ ಬಳಿದು, ಮೇಲೆ ಒದ್ದೆ ಬಟ್ಟೆ ಸುತ್ತಿದೆವು. ಲೋಹ ಕೊಯ್ಯುವ ಗ್ರೈಂಡರಿನ ಪುಡಿ ಎಲ್ಲೂ ನುಗ್ಗಬಾರದು. ಶಾಫ್ಟನ್ನು ವೈಸಿಗೆ ಹಿಡಿಸುವಾಗ ಎರಡು ಕಡೆ ಅಲ್ಯೂಮಿನಿಯಂ ತಗಡು ಇಟ್ಟೆವು. ಗ್ರೈಂಡರಿಗೆ ಕಾಕ ಹೊಸ ಡಿಸ್ಕ್ ಹಾಕಲಿಲ್ಲ. ಸವೆದು ಚಿಕ್ಕದಾದ ತೆಳು ಕಟಿಂಗ್ ಡಿಸ್ಕುಗಳನ್ನು ಅವರು ಎಸೆಯದೆ ಒಂದು ಡಬ್ಬಿಯಲ್ಲಿ ಇಟ್ಟಿದ್ದರು. ಇಂಥ ಸಂದಿ ಕೆಲಸಕ್ಕೆ ಅವೇ ಸರಿ. ದೊಡ್ಡ ಡಿಸ್ಕ್ ಪಕ್ಕದ ಗೇರಿಗೆ ತಾಗುತ್ತದೆ.

"ಪೂರ್ತಿ ಕೊಯ್ಬೇಡ. ಮುಕ್ಕಾಲು ಕೊಯ್ಯಿ. ಉಳಿದದ್ದು ಅದೇ ಒಡೀತದೆ."

ಇಲ್ಲೊಂದು ಅಪಾಯ ಇದೆ. ಇನ್ನರ್ ರೇಸ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ನಡುವೆ ಗುಂಡು ಓಡುವ ಕಾಲುವೆ ಇದೆ, ಅಲ್ಲಿ ತೆಳು. ಎರಡು ಅಂಚಿನಲ್ಲಿ ದಪ್ಪ. ಡಿಸ್ಕ್ ದುಂಡಗಿರುವುದರಿಂದ ಅದು ಆಳಕ್ಕೆ ಇಳಿಯುವುದೂ ನಡುವೆಯೇ. ಅಂದರೆ ಅಂಚು ಇನ್ನೂ ಉಳಿದಿರುವಾಗಲೇ ನಡುವೆ ಶಾಫ್ಟ್ ತಾಗಿಬಿಡುತ್ತದೆ. ಅದಕ್ಕೆ ಮೊದಲು ಎರಡು ಅಂಚನ್ನು ಬೇರೆ ಬೇರೆಯಾಗಿ, ಸ್ವಲ್ಪ ಓರೆಯಾಗಿ ಕೊಯ್ದು, ಆಮೇಲೆ ನಡುವೆ ಲಘುವಾಗಿ ಮುಟ್ಟಿಸಬೇಕು. ಮೂರು ಸೆಕೆಂಡ್ ಕೊಯ್ಯುವುದು, ನಿಲ್ಲಿಸುವುದು, ಒದ್ದೆ ಬಟ್ಟೆ ಒತ್ತುವುದು. ರೇಸ್ ಕೈಗೆ ತಾಗಿಸುವಷ್ಟು ತಣ್ಣಗೆ ಇರಬೇಕು. ನಡು ನಡುವೆ ಸಣ್ಣ ಅಳತೆ ತೆಗೆಯುವ ವರ್ನಿಯರಿನ ಬಾಲವನ್ನು ಕೊಯ್ದ ಗೀರಿಗೆ ಇಳಿಸಿ ಆಳ ನೋಡುತ್ತಿದ್ದೆ. ಹೊಸದಾಗಿ ಉಪಕರಣ ಕೊಳ್ಳುವವರು ದೊಡ್ಡ ಸಾಕೆಟ್ ಸೆಟ್ಟಿಗಿಂತ ಮೊದಲು ಒಂದು ಒಳ್ಳೇ ವರ್ನಿಯರ್ ಕೊಳ್ಳಿ ಅಂತ ನಾನು ಹೇಳುತ್ತೇನೆ.

ಕರೆಂಟ್ ಮತ್ತೆ ಹೋಯಿತು. ಒಂದು ಗಂಟೆ ಚಹಾ ಕುಡಿದು ಕಾದೆವು. ಬಂದ ಮೇಲೆ ಇನ್ನೂ ನಾಲ್ಕು ಸಲ ಮುಟ್ಟಿಸಿದೆ. ಕಾಕ ಗೀರಿನ ಮೇಲೆ ಟಾರ್ಚ್ ಹಿಡಿದು, ಕಣ್ಣು ಹತ್ತಿರ ತಂದು ನೋಡಿದರು.

"ಸಾಕು. ಇನ್ನು ಮುಟ್ಬೇಡ."

ಸಣ್ಣ ಚಾಣ ಕೊಟ್ಟರು. ಚೂಪು ತುದಿಯದ್ದಲ್ಲ, ಗೀರಿನ ಅಗಲಕ್ಕಿಂತ ಸ್ವಲ್ಪ ದಪ್ಪ ಇರುವ ಮೊಂಡು ತುದಿಯದ್ದು. ಚಾಣ ಗೀರಿನ ಎರಡು ದಡಕ್ಕೆ ತಾಗಿ ಬೆಣೆಯ ಹಾಗೆ ಅಗಲಿಸಬೇಕು. ತಳಕ್ಕೆ, ಅಂದರೆ ಶಾಫ್ಟಿನ ಕಡೆಗೆ ಹೊಡೆಯಬಾರದು. ಒಂದು ಕೈಯಲ್ಲಿ ಚಾಣ ಇಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ಏಟು ಮೆತ್ತಗೆ ಬಿತ್ತು, ಏನೂ ಆಗಲಿಲ್ಲ. ಎರಡನೇ ಏಟು ಸ್ವಲ್ಪ ಗಟ್ಟಿ.

ಟಕ್.

ಒಣ ಕಡ್ಡಿ ಮುರಿದ ಹಾಗೆ ಒಂದು ಸಣ್ಣ ಸದ್ದು. ನೋಡಿದರೆ ಗೀರಿನ ತಳದಲ್ಲಿ ಕೂದಲೆಳೆಯಂಥ ಒಂದು ಕಪ್ಪು ಗೆರೆ, ಈ ಅಂಚಿನಿಂದ ಆ ಅಂಚಿಗೆ. ರೇಸ್ ಸೀಳಿತ್ತು. ಅದನ್ನು ಬೆರಳಿನಲ್ಲಿ ಹಿಡಿದು ತಿರುಗಿಸಿದೆ. ತಿರುಗಿತು! ಮೂರು ವಾರ ಅಲುಗದೆ ಕೂತದ್ದು ಕೈಬಳೆಯ ಹಾಗೆ ಸಡಿಲವಾಗಿ ಜಾರಿ ನನ್ನ ಅಂಗೈಗೆ ಬಂತು. ಅದರ ಒಳಮೈಯಲ್ಲಿ ಕಂದು ತುಕ್ಕಿನ ಪಟ್ಟೆ, ನಡು ನಡುವೆ ಕನ್ನಡಿಯ ಹಾಗೆ ಹೊಳೆಯುವ ಜಾಗ. ಆ ತುಕ್ಕಿನ ಪಟ್ಟೆ ಕಾಗದಕ್ಕಿಂತ ತೆಳು ಇತ್ತು. ಅಷ್ಟು ತೆಳು ಪದರ ಅಷ್ಟು ದಿನ ಹಿಡಿದುಕೊಂಡಿತ್ತು.

ಕಾಕ ಶಾಫ್ಟನ್ನು ಡೀಸೆಲ್ಲಿನಲ್ಲಿ ಒರೆಸಿ, ರೇಸ್ ಇದ್ದ ಜಾಗದ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಒಂದು ಕಡೆ ಉಗುರು ಲೇಸಾಗಿ ತಡೆಯಿತು. ನನ್ನ ಡಿಸ್ಕ್ ಅಲ್ಲಿ ಶಾಫ್ಟನ್ನು ಮುಟ್ಟಿತ್ತು. ನನ್ನ ಮುಖ ನೋಡಿ ಅವರೇ ಹೇಳಿದರು.

"ತಗ್ಗು ಇದ್ರೆ ಪರ್ವಾಗಿಲ್ಲ. ಉಬ್ಬು ಇರಬಾರ್ದು."

ಸಣ್ಣ ಗೆರೆ ಒಳಗೆ ತಗ್ಗಿದ್ದರೆ ಅದರ ಮೇಲೆ ಬೇರಿಂಗ್ ಸುಮ್ನೆ ಕೂರುತ್ತದೆ. ಗೆರೆಯ ದಡದಲ್ಲಿ ಲೋಹ ಎದ್ದಿದ್ದರೆ ಹೊಸ ರೇಸ್ ಓರೆಯಾಗಿ ಕೂರುತ್ತದೆ, ಹಾಕುವಾಗ ಗೀಚುತ್ತದೆ. ಎಣ್ಣೆ ಹಚ್ಚಿದ ಸಾಣೆ ಕಲ್ಲಿನಿಂದ ಆ ದಡವನ್ನು ಮಾತ್ರ ನಾಲ್ಕು ಸಲ ಉಜ್ಜಿದರು. ತುಕ್ಕಿನ ಕಲೆಗೆ ತುಂಬ ನಯವಾದ ಎಮರಿ ಕಾಗದ, ಅದೂ ಎಣ್ಣೆ ಹಾಕಿ, ಲಘುವಾಗಿ. ಜಾಸ್ತಿ ಉಜ್ಜಿದರೆ ಶಾಫ್ಟ್ ಸಣ್ಣದಾಗಿ ಬೇರಿಂಗ್ ಸಡಿಲವಾಗುತ್ತದೆ. ಥ್ರೆಡ್ಡನ್ನು ಮೂರು ಮೂಲೆಯ ಸಣ್ಣ ಅರದಿಂದ ಒಂದೊಂದೇ ಸುತ್ತು ಬಿಡಿಸಿ, ಹಳೇ ನಟ್ ಹಾಕಿ ತೆಗೆದು ಹಾಕಿ ತೆಗೆದು ಸರಿ ಮಾಡಿದೆ. ಇದಕ್ಕೇ ಅರ್ಧ ದಿನ ಹೋಯಿತು.

ಹೊಸ ಬೇರಿಂಗಿಗೆ ಕುಶಾಲನಗರಕ್ಕೆ ಹೋದೆ. ಹಳೆಯದರ ನಂಬರ್ ತುಕ್ಕಿನಲ್ಲಿ ಅಳಿಸಿಹೋಗಿತ್ತು. ಅಂಗಡಿಯವರು ಒಡೆದ ರೇಸ್, ಔಟರ್ ರೇಸ್ ಮತ್ತು ಶಾಫ್ಟ್ ಅಳತೆ ತೆಗೆದರು. ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಈ ಮೂರು ಸಿಕ್ಕರೆ ನಂಬರ್ ಸಿಕ್ಕ ಹಾಗೆ. ಮಾಮೂಲಿ ಬೇರಿಂಗಿನ ನಂಬರಿನ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಮೇಲಿದ್ದರೆ, ಅದನ್ನು ಐದರಿಂದ ಗುಣಿಸಿ. 6204 ಅಂದರೆ ಒಳ ವ್ಯಾಸ 20 ಮಿ.ಮೀ., 6205 ಅಂದರೆ 25. ಅದಕ್ಕಿಂತ ಕೆಳಗಿನವಕ್ಕೆ ಮಾತ್ರ ಬಾಯಿಪಾಠ ಬೇಕು: 00ಕ್ಕೆ 10, 01ಕ್ಕೆ 12, 02ಕ್ಕೆ 15, 03ಕ್ಕೆ 17. ಮೊದಲ ಎರಡು ಅಂಕಿ 62ರ ಬದಲು 63 ಆದರೆ ಒಳ ವ್ಯಾಸ ಅದೇ, ಮೈ ದಪ್ಪ. ನಂಬರಿನ ಹಿಂದೆ ಸಿ3 ಅಂತ ಇದ್ದರೆ ಒಳಗೆ ಗುಂಡುಗಳಿಗೆ ಸ್ವಲ್ಪ ಜಾಸ್ತಿ ಸಡಿಲ ಕೊಟ್ಟಿರುತ್ತಾರೆ. ಮೊದಲಿದ್ದದ್ದು ಯಾವುದೋ ಅದನ್ನೇ ಹಾಕಬೇಕು. ಗೇರ್ ಬಾಕ್ಸಿನೊಳಗೆ ಎಣ್ಣೆಯೇ ಬಂದು ತಾಗುವುದರಿಂದ ಬದಿ ಮುಚ್ಚಿದ ಬೇರಿಂಗ್ ಬೇಕಿಲ್ಲ, ತೆರೆದದ್ದು ಸಾಕು. ಮುನ್ನೂರು ರೂಪಾಯಿಯ ಒಳಗೆ ಮುಗಿಯಿತು. ಮುನ್ನೂರು ರೂಪಾಯಿಯ ವಸ್ತುವನ್ನು ಉಳಿಸಲು ಹೋಗಿ ಶಾಫ್ಟ್ ಕಳೆದುಕೊಳ್ಳುತ್ತಿದ್ದೆನಲ್ಲ ಅಂತ ಬಸ್ಸಿನಲ್ಲಿ ಬರುವಾಗ ಯೋಚಿಸುತ್ತಿದ್ದೆ. ಆಯಿಲ್ ಸೀಲ್, ಪ್ಯಾಕಿಂಗ್ ಎಲ್ಲ ಹೊಸದು ತಂದೆ.

ಹಾಕುವುದು ಮನೆಯಲ್ಲೇ. ಹೊಡೆದು ಕೂರಿಸಬಾರದು ಅಂತ ಕಾಕ ಮೂರು ಸಲ ಹೇಳಿದ್ದರು. ಶಾಫ್ಟಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಾತ್ರಿ ಫ್ರೀಜರಿನಲ್ಲಿ ಇಟ್ಟೆ. ಅಮ್ಮ ಹಂದಿ ಮಾಂಸದ ಪೊಟ್ಟಣ ಆಚೆ ಸರಿಸಿ ಜಾಗ ಮಾಡಿಕೊಟ್ಟರು. ಬೇರಿಂಗನ್ನು ಬಿಸಿ ಮಾಡಲು ಬಚ್ಚಲ ಒಲೆ. ನೇರ ಬೆಂಕಿಗೆ ಇಡಬಾರದು. ಒಂದು ಸಣ್ಣ ಡಬ್ಬಿಗೆ ಹೊಸ ಎಣ್ಣೆ ಹಾಕಿ, ಬೇರಿಂಗನ್ನು ತಳಕ್ಕೆ ತಾಗದ ಹಾಗೆ ತಂತಿಯಲ್ಲಿ ಇಳಿಬಿಟ್ಟು, ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯೊಳಗೆ ಇಟ್ಟೆ. ಹೀಗೆ ಮಾಡಿದರೆ ಶಾಖ ಮಿತಿ ಮೀರುವ ಭಯವೇ ಇಲ್ಲ. ನೀರು ಕುದಿಯುವುದಕ್ಕಿಂತ ಮೇಲೆ ಎಣ್ಣೆ ಬಿಸಿಯಾಗುವುದಿಲ್ಲ. ನಮ್ಮ ಬೆಟ್ಟದ ಎತ್ತರದಲ್ಲಿ ನೀರು 100 ಡಿಗ್ರಿಗೂ ಮೊದಲೇ, 97ರ ಆಸುಪಾಸಿನಲ್ಲಿ ಕುದಿಯುತ್ತದೆ. ಬೇರಿಂಗಿಗೆ ಅಷ್ಟು ಸಾಕು.

ಎಷ್ಟು ಹಿಗ್ಗುತ್ತದೆ ಅಂತ ಕೇಳಬಹುದು. 20 ಮಿ.ಮೀ. ತೂತಿನ ಉಕ್ಕಿನ ಬಳೆಗೆ 80 ಡಿಗ್ರಿ ಶಾಖ ಏರಿಸಿದರೆ ಆ ತೂತು ಸುಮಾರು 0.02 ಮಿ.ಮೀ. ದೊಡ್ಡದಾಗುತ್ತದೆ. ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗವೂ ಇಲ್ಲ. ಬಿಗಿಯಾಗಿ ಹಿಡಿಯುವುದೂ ಅಷ್ಟೇ ಅಳತೆಯಿಂದ, ಆದ್ದರಿಂದ ಬಿಡುವುದೂ ಅಷ್ಟರಿಂದಲೇ.

ಅಪ್ಪ ಶಾಫ್ಟನ್ನು ನೆಟ್ಟಗೆ ಹಿಡಿದರು. ಅದರ ಮೇಲೆ ಮಂಜು ಕಟ್ಟುತ್ತಿತ್ತು. ನಾನು ಬೇರಿಂಗನ್ನು ಒಣ ಬಟ್ಟೆಯಲ್ಲಿ ಎತ್ತಿ, ನಂಬರ್ ಇರುವ ಮುಖ ಹೊರಗೆ ಬರುವ ಹಾಗೆ ತಿರುಗಿಸಿದೆ. ಮುಂದೆ ಯಾರಾದರೂ ಬಿಚ್ಚಿದರೆ ಅವರಿಗೆ ನಂಬರ್ ಓದಲು ಸಿಗಲಿ. ಶಾಫ್ಟಿನ ತುದಿಗೆ ಇಟ್ಟು ಬಿಟ್ಟೆ. ಅದು ತನ್ನ ಭಾರಕ್ಕೇ ಸರ್ರನೆ ಇಳಿದು, ವಾಷರಿಗೆ ತಾಗಿ, ಟಿಂಗ್ ಅಂತು. ಒಂದು ಪೈಪ್ ತುಂಡಿನಿಂದ ಇನ್ನರ್ ರೇಸಿನ ಮೇಲೆ ಮಾತ್ರ ಒತ್ತಿ ಹಿಡಿದೆ. ಹತ್ತು ಸೆಕೆಂಡಿನಲ್ಲಿ ಎರಡರ ಶಾಖ ಒಂದಾಗಿ ಹಿಡಿದುಕೊಂಡಿತು. ಆಮೇಲೆ ಅಲುಗಿಸಿ ನೋಡಿದರೆ ಕಲ್ಲು.

"ಇಷ್ಟೇಯಾ?" ಅಂದರು ಅಪ್ಪ.

ಕೇಸಿಂಗಿನ ಕಡೆ ಇನ್ನೂ ಸುಲಭ. ಅದು ಅಲ್ಯೂಮಿನಿಯಂ. ಅದೇ ಶಾಖಕ್ಕೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಕೇಸಿಂಗನ್ನು ದೋಸೆ ಕಾವಲಿಯ ಮೇಲೆ ಬಿಸಿ ಮಾಡಿ, ನೀರಿನ ಹನಿ ಚಟಪಟ ಅನ್ನುವಾಗ ಶಾಫ್ಟ್ ಇಳಿಸಿದೆ. ಬೇರಿಂಗ್ ತನ್ನ ಗೂಡಿಗೆ ಕೈ ಒತ್ತಿಗೇ ಕೂತಿತು. ವಾಷರುಗಳು ತಂತಿಯಿಂದ ಒಂದೊಂದಾಗಿ ತಮ್ಮ ಜಾಗಕ್ಕೆ ಹೋದವು. ಕೇಸಿಂಗ್ ಮುಚ್ಚುವ ಮೊದಲು ನಾಲ್ಕೂ ಗೇರ್ ಹಾಕಿ ಕೈಯಲ್ಲಿ ತಿರುಗಿಸಿದೆ. ಸದ್ದಿಲ್ಲ.

ಕೈಲ್ ಮುಹೂರ್ತದ ಹಿಂದಿನ ಸಂಜೆ ಎಂಜಿನ್ ಏರಿಸಿದೆವು. ಮರುದಿನ ಕೋವಿಗೆ ತೋಕ್ ಪೂವು, ಅಂದರೆ ಕೋವಿ ಹೂ, ಸಿಕ್ಕಿಸಿದ ಅಪ್ಪ, ಒಂದನ್ನು ಯೆಜ್ಡಿಯ ಹ್ಯಾಂಡಲಿಗೂ ಸಿಕ್ಕಿಸಿದರು. ಒಡೆದ ಇನ್ನರ್ ರೇಸನ್ನು ನಾನು ಪಾನಾಗಳ ಪಕ್ಕದಲ್ಲಿ ಇಟ್ಟಿದ್ದೆ. ಅಮ್ಮ ಅದಕ್ಕೂ ಗಂಧ ಹಚ್ಚಿದರು. ಪೂಜೆ ಆದ ಮೇಲೆ ಏಳನೇ ಕಿಕ್ಕಿಗೆ ಗಾಡಿ ಹಿಡಿಯಿತು. ಶೆಡ್ ತುಂಬ ನೀಲಿ ಹೊಗೆ.

ಅಪ್ಪನಿಗೆ ಓಡಿಸಲು ಮಂಡಿ ಬಿಡುವುದಿಲ್ಲ. ಹಿಂದೆ ಕೂತರು. ಸುಂಟಿಕೊಪ್ಪದವರೆಗೆ ಹೋಗಿ ಕಾಕನಿಗೆ ತೋರಿಸಿ ಬಂದೆವು. ಕಾಕ ಹೇಳಿದ ಹಾಗೆ ವಾರ ಬಿಟ್ಟು ಗೇರ್ ಎಣ್ಣೆ ಇಳಿಸಿದೆ. ಮೂಲೆಯಲ್ಲಿ ಉಳಿದ ತುಕ್ಕಿನ ಪುಡಿ, ನೀರಿನ ಪಸೆ ತೊಳೆದು ಬರಲಿ ಅಂತ. ಈ ಸಲ ಜೇನಿನ ಬಣ್ಣದ್ದೇ ಬಂತು, ಸ್ವಲ್ಪ ಮಬ್ಬು. ಬೆರಳಿನಲ್ಲಿ ಉಜ್ಜಿ ನೋಡಿದೆ. ಇನ್ನೂ ಒಂಚೂರು ಬೂದಿಯಂಥ ಪುಡಿ ಇದೆ. ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಇನ್ನೊಮ್ಮೆ ಬದಲಿಸಬೇಕು.